ಧಣಿಗಳು ಉಣ್ಣಲು ಕೂತದ್ದು

ಕಳೆದ ತಿಂಗಳು ಬಾಳೆಎಲೆ ತರಲೆಂದು ಮದ್ರಾಸಿನ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿದ್ದೆ. ಮನೆಯಲ್ಲೊಂದು ಸಣ್ಣ ಪೂಜೆ ಇತ್ತು. ಎಲೆ ನಮ್ಮ ಬೀದಿಯ ಹೂವಿನ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಅವನು ಆ ದಿನವೇ ಬಾಗಿಲು ಹಾಕಿಕೊಂಡರೆ? ತೆಗೆದಿದ್ದರೂ ಎಲೆಯೆಲ್ಲ ಹರಿದಿದ್ದರೆ? ಇಂಥ ಪ್ರಶ್ನೆಗಳು ನನಗೆ ಹೊಸದಲ್ಲ. ಯಾರದೋ ಗೋದಾಮಿಗೆ ಬೆಂಕಿ ಬಿದ್ದರೆ ಏನಾದೀತು ಎಂದು ಮೊದಲೇ ಯೋಚಿಸಿಡುವುದಕ್ಕೆ ವಿಮಾ ಕಂಪನಿಯವರು ನನಗೆ ಸಂಬಳ ಕೊಡುತ್ತಾರೆ. ಅದೇ ಕೆಲಸವನ್ನು ಮನೆಗೂ ತಂದು ಪುಕ್ಕಟೆಯಾಗಿ ಮಾಡುತ್ತೇನೆ, ಅಷ್ಟೇ.

ಎಲೆ ಮಾರುವ ಹೆಂಗಸು ಒಂದು ಕಟ್ಟು ಬಿಚ್ಚಿ, ನೀರು ಚಿಮುಕಿಸಿ, ಸುರುಳಿಯನ್ನು ನನ್ನ ಮೂಗಿನ ಹತ್ತಿರವೇ ಬಿಡಿಸಿ ತೋರಿಸಿದಳು. ಹಸಿ ಎಲೆಯ ಆ ವಾಸನೆ... ಸ್ವಲ್ಪ ಒಗರು, ಸ್ವಲ್ಪ ತಂಪು. ಬೇರೆಯವರಿಗಾದರೆ ಮದುವೆ ಮನೆ ನೆನಪಾಗುತ್ತಿತ್ತೋ ಏನೋ. ನನಗೆ ನೆನಪಾದದ್ದು ಒಂದು ಸೈಕಲ್ಲು. ಕೆಂಪು ಮಣ್ಣು ಮೆತ್ತಿಕೊಂಡ ದಪ್ಪ ಟೈರು, ನಡುವಿನ ಕಂಬಿಗೆ ಉದ್ದಕ್ಕೆ ಕಟ್ಟಿದ ಬಾಳೆಎಲೆಯ ಸುರುಳಿ, ಸೀಟಿನ ಮೇಲೆ ನಮ್ಮ ಕೆಳಗಿನ ಮನೆಯ ಧಣಿಗಳು.

ಧಣಿಗಳು ತ್ರಿಪ್ಲಿಕೇನಿನಲ್ಲಿ ಒಂದು ಸಸ್ಯಾಹಾರಿ ಹೋಟೆಲಿನ ಮಾಲೀಕರು. ಉಡುಪಿ ಕಡೆಯವರು. ಅವರ ಕೈಕೆಳಗಿನವರೆಲ್ಲ ಹಾಗೆ ಕರೆಯುತ್ತಿದ್ದರು. ನಮ್ಮ ತುಮಕೂರಿನ ಕಡೆ ಆ ಮಾತು ಅಷ್ಟು ಬಳಕೆಯಲ್ಲಿಲ್ಲ. ಆದರೆ ನಾವು ಆ ಅಪಾರ್ಟ್‌ಮೆಂಟಿಗೆ ಬಂದ ಹೊಸದರಲ್ಲಿ ಏನೆಂದು ಕರೆಯಬೇಕೋ ತೋಚದೆ ನಾನೂ ಧಣಿಗಳೇ ಎಂದುಬಿಟ್ಟೆ, ಅದೇ ನಿಂತಿತು. ಅವರು ನನ್ನನ್ನು ಮಾರಾಯ್ರೆ ಎನ್ನುತ್ತಿದ್ದರು. ಹಾಲಿನವನನ್ನೂ, ಕೆಟ್ಟು ನಿಂತ ಲಿಫ್ಟನ್ನೂ ಅವರು ಹಾಗೆಯೇ ಮಾತಾಡಿಸುತ್ತಿದ್ದುದರಿಂದ ಅದರಲ್ಲಿ ನನಗೆ ವಿಶೇಷ ಮರ್ಯಾದೆ ಇತ್ತೆಂದು ಹೇಳಲಾರೆ.

ಅರವತ್ತು ದಾಟಿದ ಮೇಲೆ ಡಾಕ್ಟರು ಅವರಿಗೆ ದಿನಾ ನಡೆಯಿರಿ ಎಂದರಂತೆ. ತ್ರಿಪ್ಲಿಕೇನಿನಲ್ಲಿ ನಡೆಯಲು ಹೊರಟರೆ ಎದುರು ಸಿಕ್ಕವರೆಲ್ಲ, ಏನು ಹೋಟೆಲು ಬಿಟ್ಟು ಈ ಕಡೆ, ಯಾರಾದರೂ ಹೋದರೇ ಎಂದು ವಿಚಾರಿಸುತ್ತಿದ್ದರಂತೆ. ಬೇಸತ್ತು ಸೈಕಲ್ ಅಂಗಡಿಗೆ ಹೋದರು. ಅಂಗಡಿಯವನು ಒಂದನ್ನು ತೋರಿಸಿ, ಇದು ಗ್ರಾವೆಲ್ ಸೈಕಲ್ಲು, ಕೆಟ್ಟ ದಾರಿಗೆಂದೇ ಮಾಡಿದ್ದು ಎಂದನಂತೆ. ಹಾಗಾದರೆ ಮದ್ರಾಸಿಗೆಂದೇ ಮಾಡಿದ್ದು ಎಂದು ಇವರು ಅದನ್ನೇ ತಂದರು.

ನನ್ನ ಬಳಿ ಆಗಲೇ ಅಂಥದೊಂದಿತ್ತು. ನಲವತ್ತು ದಾಟಿದ ಮೇಲೆ ಕೆಲವರು ವೇದಾಂತಕ್ಕೆ ಇಳಿಯುತ್ತಾರೆ, ಕೆಲವರು ಸೈಟು ಕೊಳ್ಳುತ್ತಾರೆ. ನಾನು ಗ್ರಾವೆಲ್ ಸೈಕಲ್ಲು ಕೊಂಡಿದ್ದೆ. ಹೀಗೆ ಒಂದೇ ಕಟ್ಟಡದಲ್ಲಿ ಒಂದೇ ಬಗೆಯ ಹುಚ್ಚಿನ ಇಬ್ಬರಾದೆವು. ಬೆಳಗ್ಗೆ ಹಾಲು ಬರುವ ಹೊತ್ತಿಗೆ ಹೊರಟು ಮರೀನಾ ಹಿಡಿದು ಉತ್ತರಕ್ಕೆ ಹೋಗುತ್ತಿದ್ದೆವು. ಧಣಿಗಳಿಗೆ ಕಾಸಿಮೇಡಿನವರೆಗೂ ಹೋಗಲೇಬೇಕು. ಈರುಳ್ಳಿಯನ್ನೂ ಮುಟ್ಟದ ಮನುಷ್ಯ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಂದರಿನ ಮೀನು ಹರಾಜನ್ನು ತೇರು ನೋಡುವವರ ಹಾಗೆ ನಿಂತು ನೋಡುತ್ತಿದ್ದರು. ಕೂಗಿದ ಮಾತು ಮುಗಿಯುವುದರೊಳಗೆ ಬುಟ್ಟಿ ಕೈ ಬದಲಾಯಿಸುತ್ತದೆ, ನಮ್ಮಲ್ಲಿ ಒಂದು ಮಸಾಲೆ ದೋಸೆ ಟೇಬಲಿಗೆ ಹೋಗಲು ಎಷ್ಟು ಹೊತ್ತು ನೋಡಿ ಎಂದು ಹಿಂದಿರುಗುವ ದಾರಿಯುದ್ದಕ್ಕೂ ಕೊರಗುತ್ತಿದ್ದರು.

ಆ ದೊಡ್ಡ ಸವಾರಿಯ ಗುಂಗು ಅವರಿಗೆ ಹತ್ತಿಸಿದವನು ನಾನೇ. ಚೆಂಗಲ್ಪಟ್ಟಿನ ಆಚೆ ವರ್ಷಕ್ಕೊಮ್ಮೆ ನಡೆಯುತ್ತದೆ. ಡಾಂಬರೇ ಇಲ್ಲದ ನೂರೈವತ್ತು ಕಿಲೋಮೀಟರ್. ಕೆರೆ ಏರಿಗಳು, ಜಲ್ಲಿ, ಕೆಮ್ಮಣ್ಣು, ಸರ್ವೆ ತೋಪಿನ ಮರಳು, ಸಮುದ್ರದ ಹತ್ತಿರ ಉಪ್ಪಿನ ಗದ್ದೆಗಳ ನಡುವಿನ ಬದು. ಬೆಳಕು ಹರಿಯುವ ಮುನ್ನ ಬಿಡುತ್ತಾರೆ, ಸಂಜೆ ಆರಕ್ಕೆ ಗೇಟು ಮುಚ್ಚುತ್ತಾರೆ. ಆರರ ಒಳಗೆ ಬಂದವರಿಗೆ ಪದಕ. ಆಮೇಲೆ ಬಂದವರು ಬರದಿದ್ದವರ ಲೆಕ್ಕಕ್ಕೆ ಸೇರುತ್ತಾರೆ.

ನಾನು ಎರಡು ಸಲ ಬರದಿದ್ದವರ ಲೆಕ್ಕಕ್ಕೆ ಸೇರಿದ್ದೆ. ಮೊದಲ ವರ್ಷ ಬಳ್ಳಾರಿ ಜಾಲಿಯ ಮುಳ್ಳು, ಎರಡೂ ಚಕ್ರಕ್ಕೆ. ಎರಡನೇ ವರ್ಷ ಏನೂ ಆಗಲಿಲ್ಲ. ಇಷ್ಟು ಹೊತ್ತು ಏನೂ ಆಗಿಲ್ಲವೆಂದರೆ ಏನೋ ಆಗುವುದರಲ್ಲಿದೆ ಎಂಬ ಭಯಕ್ಕೆ ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಬಿಚ್ಚಿ ಪರೀಕ್ಷಿಸಿದೆ. ಚಕ್ರ ಚೆನ್ನಾಗಿಯೇ ಇತ್ತು. ತಿರುಗಿ ಕೂಡಿಸಲು ಬರಲಿಲ್ಲ. ಕೊನೆಗೆ, ಸೋತವರನ್ನು ಎತ್ತಿಕೊಂಡು ಬರುವ ಟೆಂಪೋದಲ್ಲಿ, ಚಕ್ರ ಮಡಿಲಲ್ಲಿಟ್ಟುಕೊಂಡು ಬಂದೆ.

ಈ ಟೆಂಪೋ ಸಂಗತಿ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಮನೆಯಲ್ಲಿ ಮಗಳು ಬೇರೆ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ಮೂರನೇ ವರ್ಷ ನಾನು ಹೆಸರು ಕೊಟ್ಟದ್ದು ತಿಳಿದು, "ಇಂದ ವಾಟಿಯಾವದು ಮುಡಿಪ್ಪೀಂಗಳಾ ಅಪ್ಪಾ?" ಎಂದಳು. ಈ ಸಲವಾದರೂ ಮುಗಿಸ್ತೀರಾ ಎಂದು. ಅಣಕವಾಗಿದ್ದರೆ ತಡೆದುಕೊಳ್ಳಬಹುದಿತ್ತು. ನಿಜವಾದ ಕಾಳಜಿ ಇತ್ತು ಅದರಲ್ಲಿ, ಅದೇ ನಾಟಿತು. ಈ ಸಲ ಆರರ ಒಳಗೆ ಆ ಗೇಟು ದಾಟದಿದ್ದರೆ ಸೈಕಲ್ಲನ್ನು ಮಾರಿಬಿಡುತ್ತೇನೆ ಎಂದು ಎಲ್ಲರೆದುರು ಹೇಳಿದೆ. ಧಣಿಗಳ ಎದುರೂ ಹೇಳಿದೆ.

ಜೋಡಿಯಾಗಿ ಹೋಗುವ ಎಂದದ್ದು ಅವರೇ. ಅಂಥದೊಂದು ವಿಭಾಗವಿದೆ. ಇಬ್ಬರು ಜೊತೆಯಾಗಿ ಗೇಟು ದಾಟಬೇಕು. ಒಬ್ಬರು ದಾರಿಯಲ್ಲಿ ನಿಂತುಬಿಟ್ಟರೆ ಇನ್ನೊಬ್ಬರು ಅಲ್ಲಿಂದ ಒಂಟಿಯಾಗಿ ಮುಂದುವರಿಯಬಹುದು. ಈ ನಿಯಮವನ್ನು ಅವರಿಗೆ ಓದಿ ಹೇಳಿದವನೂ ನಾನೇ. ಅವರ ವಯಸ್ಸನ್ನು ನೆನೆದು, ಅದು ಯಾವಾಗಲಾದರೂ ಬೇಕಾಗಬಹುದು ಎಂದು.

"ಒಬ್ರೇ ಹೋದ್ರೆ ನೀವು ಮತ್ತೆ ಚಕ್ರ ಬಿಚ್ತೀರಿ ಮಾರಾಯ್ರೆ" ಎಂದರು ಧಣಿಗಳು. "ನಾನು ಇದ್ರೆ ಬಿಚ್ಲಿಕ್ಕೆ ಬಿಡುದಿಲ್ಲ."

ಸವಾರಿಯ ಬೆಳಗ್ಗೆ ಹೊರಡುವ ಜಾಗದಲ್ಲಿ ಟಾರ್ಚಿನ ಬೆಳಕಿನಲ್ಲಿ ಅವರ ಸೈಕಲ್ಲನ್ನೊಮ್ಮೆ ನನ್ನದನ್ನೊಮ್ಮೆ ನೋಡಿದೆ. ನನ್ನ ಚೀಲಗಳಲ್ಲಿ ಟ್ಯೂಬು, ಪಂಪು, ಮಾತ್ರೆ, ಬ್ಯಾಂಡೇಜು, ದಾರಿ ತಪ್ಪಿದರೆ ಊದಲು ಒಂದು ಸೀಟಿ. ಅವರ ಸೈಕಲ್ಲಿಗೆ ಬಾಳೆಎಲೆಯ ಸುರುಳಿ, ಹಿಂದಿನ ಚೀಲದಲ್ಲಿ ಹೋಟೆಲಿನ ಪೇಪರಿನಲ್ಲಿ ದಾರ ಸುತ್ತಿ ಕಟ್ಟಿದ ನಿಂಬೆಹಣ್ಣಿನ ಚಿತ್ರಾನ್ನದ ಪೊಟ್ಟಣಗಳು. ಒಂದು ಪಂಪಾದರೂ ಬೇಡವೇ ಎಂದೆ. ನಿಮ್ಮ ಹತ್ತಿರ ಉಂಟಲ್ಲ ಎಂದರು. ಎಲೆ ಯಾಕೆ ಎಂದೆ. ಪೇಪರ್ ತಟ್ಟೆಯಲ್ಲಿ ತಿಂದರೆ ಅವರಿಗೆ ತಿಂದ ಹಾಗೇ ಆಗುವುದಿಲ್ಲವಂತೆ. ಸುತ್ತಲೂ ಹುಡುಗರು ಗ್ರಾಂ ಲೆಕ್ಕದಲ್ಲಿ ಭಾರ ಇಳಿಸಿಕೊಂಡು ಬಂದಿದ್ದರು. ಅವರೆಲ್ಲ ಆ ಎಲೆಯ ಫೋಟೋ ತೆಗೆದುಕೊಂಡರು. ನಾನು ಸ್ವಲ್ಪ ದೂರ ನಿಂತೆ.

ಆದರೆ ಮನುಷ್ಯ ತುಳಿದರು ನೋಡಿ... ಜೀವಮಾನವಿಡೀ ಅಡುಗೆಮನೆಗೂ ಗಲ್ಲಾಕ್ಕೂ ನಡುವೆ ಓಡಾಡಿದ ಕಾಲುಗಳು. ಕೆರೆ ಏರಿಯ ಗುಂಡುಕಲ್ಲಿನ ಮೇಲೆ ನನ್ನ ಕೈಗಳು ಮರಗಟ್ಟಿ ಹೋಗುತ್ತಿದ್ದರೆ ಅವರು ಮುಂದೆ ಮುಂದೆ, ಸೊಂಟ ಸ್ವಲ್ಪ ಎತ್ತಿ, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ನಿಂತೇ ಹೋಗುತ್ತಿದ್ದರು. ಸರ್ವೆ ತೋಪಿನ ಮರಳಿನಲ್ಲಿ ನಾನು ಎರಡು ಸಲ ಬಿದ್ದೆ. ಎರಡನೇ ಸಲ ಎದ್ದಾಗ ಮಂಡಿಯಲ್ಲಿ ಏನೋ ಕಟ್ ಅಂದಂತಾಗಿ, ಇನ್ನು ನಡೆಯಲಿಕ್ಕೇ ಆಗುವುದಿಲ್ಲವೇನೋ ಎಂದೆ. ಅವರು ಹಿಂತಿರುಗಿ ಬಂದು ನೋಡಿ, ನಡೆದುಕೊಂಡೇ ಬಂದು ಹೇಳ್ತಾ ಇದ್ದೀರಲ್ಲ ಎಂದು ಮತ್ತೆ ಹೊರಟರು.

ಅವರ ತೊಂದರೆ ಒಂದೇ. ಟೀ ಅಂಗಡಿ ಕಂಡಲ್ಲಿ ಸೈಕಲ್ಲು ತಾನಾಗಿ ನಿಧಾನವಾಗುತ್ತಿತ್ತು. ಇಳಿದು ಒಳಗೆ ಇಣುಕಿ, ಬಾಣಲೆ ನೋಡಿ, ವಡೆಯ ಎಣ್ಣೆ ಬದಲಾಯಿಸಬಾರದೇ ಎಂದು ಅಂಗಡಿಯವಳಿಗೆ ಹೇಳಿ ಚೆನ್ನಾಗಿ ಬೈಸಿಕೊಂಡು ಬರುತ್ತಿದ್ದರು. ಅವಳ ಬೈಗುಳ ನನಗೆ ಅರ್ಧವೇ ಅರ್ಥವಾಯಿತು. ಅವರಿಗೆ ಪೂರ್ತಿ ಅರ್ಥವಾಗಿತ್ತು. ಆದರೂ ಖುಷಿಯಾಗಿದ್ದರು. ಚಟ್ನಿ ಮಾತ್ರ ಒಳ್ಳೇದು ಮಾಡಿದ್ದಾಳೆ ಎಂದು ಮುಂದಿನ ಊರಿನವರೆಗೂ ಹೊಗಳಿದರು.

ಇಷ್ಟೆಲ್ಲ ಆದರೂ ಉಪ್ಪಿನ ಗದ್ದೆಗಳ ಎದುರುಗಾಳಿ ದಾಟಿ ಕೊನೆಯ ಚೆಕ್‌ಪೋಸ್ಟು ಮುಟ್ಟಿದಾಗ ನಾಲ್ಕು ಗಂಟೆಯೂ ಆಗಿರಲಿಲ್ಲ. ಒಂದು ಸರ್ಕಾರಿ ಶಾಲೆಯ ಜಗಲಿ ಅದು. ಅಲ್ಲಿಂದ ಗೇಟಿಗೆ ಇಪ್ಪತ್ತು ಕಿಲೋಮೀಟರ್. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಮತ್ತೊಮ್ಮೆ ಹಾಕಿದೆ. ಎರಡು ಬಾಳೆಹಣ್ಣು ತಿಂದು ಹೊರಟರೆ ಒಂದು ಪಂಕ್ಚರಿಗೂ ಒಂದು ಬೀಳುವಿಕೆಗೂ ಸಮಯ ಇಟ್ಟುಕೊಂಡು ಆರರ ಒಳಗೆ ಧಾರಾಳವಾಗಿ ಮುಟ್ಟುತ್ತೇವೆ. ಆ ದಿನ ಮೊದಲ ಸಲ ನನಗೆ ಚಿಂತೆ ಮಾಡಲು ಏನೂ ಇರಲಿಲ್ಲ. ಅದೇ ಸ್ವಲ್ಪ ಹೆದರಿಕೆ ಹುಟ್ಟಿಸಿತು.

ಜಗಲಿಯಲ್ಲಿ ನಮ್ಮಂತೆಯೇ ಹಿಂದುಳಿದವರು ಐದು ಮಂದಿ ಇದ್ದರು. ವ್ಯವಸ್ಥೆಯವರು ಒಂದು ಪಾತ್ರೆ ಮೊಸರನ್ನ, ಬಾಳೆಹಣ್ಣು, ಮಜ್ಜಿಗೆ ಇಟ್ಟಿದ್ದರು. ಪೇಪರ್ ತಟ್ಟೆಗಳು ಗಾಳಿಗೆ ಹಾರಿ ಬೇಲಿಯಲ್ಲಿ ಸಿಕ್ಕಿಕೊಂಡಿದ್ದವು. ಸುಸ್ತಾದ ಜನ ಪಾತ್ರೆಯ ಸುತ್ತ ನಿಂತು, ಕೈಯಲ್ಲಿ ಸಿಕ್ಕಷ್ಟು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಧಣಿಗಳು ಸೈಕಲ್ಲು ಗೋಡೆಗೆ ಒರಗಿಸಿ ಒಂದು ಕ್ಷಣ ಅದನ್ನು ನೋಡಿದರು. ಹೋಟೆಲಿನಲ್ಲಿ ಸಾಂಬಾರು ಚೆಲ್ಲಿದಾಗ ಅವರ ಮುಖ ಹೀಗಾಗುವುದನ್ನು ಕಂಡಿದ್ದೆ.

ಎಲ್ಲರೂ ಕೂತುಕೊಳ್ಳಬೇಕು ಎಂದರು. ತಮ್ಮ ತಮಿಳಿನಲ್ಲಿ ಒಮ್ಮೆ, ನನಗೆಂದು ಕನ್ನಡದಲ್ಲಿ ಒಮ್ಮೆ. ಆ ದನಿಗೆ ಎದುರಾಡಲು ಯಾರಿಗೂ ತ್ರಾಣವಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತರು. ಅವರು ಸುರುಳಿ ಬಿಚ್ಚಿ ಎಲೆ ಹರಿದು ಒಬ್ಬೊಬ್ಬರ ಮುಂದೆ ಹಾಸಿದರು, ಬಾಟಲಿಯ ನೀರು ಚಿಮುಕಿಸಿದರು, ಪೊಟ್ಟಣಗಳನ್ನು ಬಿಚ್ಚಿ ಚಿತ್ರಾನ್ನ ಬಡಿಸಿದರು. ಆಮೇಲೆ ಮೊಸರನ್ನದ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಸೈಕಲ್ಲಿನ ಬಿಗಿ ಚಡ್ಡಿಯಲ್ಲಿ ಒಬ್ಬ ಹೋಟೆಲ್ ಧಣಿ ಬಡಿಸುತ್ತಿರುವ ದೃಶ್ಯ ಆ ಶಾಲೆ ಹಿಂದೆ ಕಂಡಿರಲಾರದು.

ನಾನು ಬೇಗ ಬೇಗ ಉಂಡೆ. ಎಲೆ ಮಡಚಿ ಏಳಲು ಹೋದೆ.

"ಕೂತ್ಕೊಳ್ಳಿ" ಎಂದರು. "ಪಂಕ್ತಿಯಲ್ಲಿ ಎಲ್ರದ್ದೂ ಆಗದೆ ಏಳುದಾ?"

ಎದ್ದವನು ಮತ್ತೆ ಕೂತೆ. ನಮ್ಮ ಮನೆಯಲ್ಲೂ ಚಿಕ್ಕಂದಿನಲ್ಲಿ ಇದನ್ನೇ ತೊಡೆಗೆ ಚಿವುಟಿ ಕಲಿಸಿದ್ದರು. ಸಾಲಿನಲ್ಲಿ ಕೂತವರೆಲ್ಲ ಉಂಡು ಮುಗಿಸದೆ ಒಬ್ಬರು ಎದ್ದರೆ, ಉಣ್ಣುತ್ತಿರುವವರನ್ನು ಎಬ್ಬಿಸಿದ ಹಾಗೆ. ತಮಿಳರಿಗೂ ಇದು ಗೊತ್ತಿದ್ದದ್ದೇ, ಅವರು ಪಂದಿ ಎನ್ನುತ್ತಾರೆ. ಆದರೆ ಎಲ್ಲಿಯ ಮದುವೆ ಮನೆಯ ಪಂಕ್ತಿ, ಎಲ್ಲಿಯ ಸೈಕಲ್ ಸವಾರಿ. ಹಾಗೆಂದು ವಾದಿಸಬಹುದಿತ್ತು. ಸಾಲಿನಲ್ಲಿದ್ದವರೆಲ್ಲ ಅಷ್ಟರಲ್ಲೇ ವಿಧೇಯರಾಗಿ ಕೂತುಬಿಟ್ಟಿದ್ದರು. ಎಲ್ಲರ ಕಣ್ಣೂ ಕೊನೆಯಲ್ಲಿದ್ದ ಒಬ್ಬರ ಮೇಲೆ.

ಅವರು ತಾಂಬರಂ ಕಡೆಯ ನಿವೃತ್ತ ಹೆಡ್‌ಮಾಸ್ಟರು. ತೆಳ್ಳಗೆ, ಬೆಳ್ಳಗಿನ ಮೀಸೆ. ಪ್ರಕೃತಿ ಚಿಕಿತ್ಸೆಯವರು ಹೇಳಿದ್ದಾರೆಂದು ಪ್ರತಿ ತುತ್ತನ್ನೂ ಬಾಯಲ್ಲಿ ನೀರಾಗುವವರೆಗೆ ಅಗಿಯುವವರು. ಅನ್ನ ಅಗಿಯುವುದು ಸರಿ. ಮೊಸರನ್ನವನ್ನೂ ಅಗಿಯಬಹುದು ಎಂಬುದನ್ನು ನಾನು ಕಂಡದ್ದು ಅವತ್ತೇ. ಒಂದು ತುತ್ತು ಬಾಯಿಗಿಟ್ಟು, ಕಣ್ಣು ಅರ್ಧ ಮುಚ್ಚಿ, ಶಾಲೆಯ ಅಂಗಳದ ಬೇವಿನ ಮರವನ್ನು ನೋಡುತ್ತ ಅಗಿಯುತ್ತಿದ್ದರು. ನಾನು ಅವರ ದವಡೆಯನ್ನು ನೋಡುತ್ತಿದ್ದೆ. ಅದು ನಿಂತಿತು ಎಂದುಕೊಂಡರೆ ಮತ್ತೆ ಶುರುವಾಗುತ್ತಿತ್ತು. ಈ ನಡುವೆ ಧಣಿಗಳು ಬಂದು, ಇನ್ನು ಸ್ವಲ್ಪ ಎಂದು ಅವರ ಎಲೆಗೆ ಇನ್ನೊಂದು ಸೌಟು ಹಾಕಿದರು. ನನ್ನ ಬಾಯಿಂದ ಸಣ್ಣಗೆ ಏನೋ ಶಬ್ದ ಹೊರಟಿರಬೇಕು, ಪಕ್ಕದಲ್ಲಿದ್ದ ಹುಡುಗಿ, ಯಾವುದೋ ಆಸ್ಪತ್ರೆಯ ನರ್ಸು, ನನ್ನ ಕಡೆ ನೀರಿನ ಬಾಟಲಿ ಸರಿಸಿದಳು.

ಅಂತೂ ಹೆಡ್‌ಮಾಸ್ಟರು ಮಜ್ಜಿಗೆ ಕುಡಿದು, ಅದನ್ನೂ ಅಗಿದು, ಎಲೆ ಮಡಚಿದರು. ಎಲ್ಲರೂ ಒಟ್ಟಿಗೆ ಎದ್ದು ನಲ್ಲಿಯ ಕಡೆ ನಡೆದರು. ನಾನು ಕೈ ತೊಳೆದವನೇ ಹೆಲ್ಮೆಟ್ಟು ಬಿಗಿದು, ಸೈಕಲ್ಲು ಹಿಡಿದು, ಇನ್ನೂ ಕಾಲ ಮಿಂಚಿಲ್ಲ ಎಂದು ಲೆಕ್ಕ ಹಾಕಿದೆ. ಗಟ್ಟಿಯಾಗಿ ತುಳಿದರೆ, ಏನೂ ಕೆಡದಿದ್ದರೆ, ಆರಕ್ಕೆ ಸರಿಯಾಗಿ ಮುಟ್ಟಬಹುದು. ತಿರುಗಿ ನೋಡಿದರೆ ಧಣಿಗಳು ಜಗಲಿಯ ಮೂಲೆಯಲ್ಲಿ, ಪಾತ್ರೆಯ ಪಕ್ಕದಲ್ಲಿ, ಒಂದು ಎಲೆಯ ಚೂರು ಹಾಸಿಕೊಂಡು, ತಳದಲ್ಲಿ ಉಳಿದದ್ದನ್ನು ಅದಕ್ಕೆ ಹಾಕಿಕೊಳ್ಳುತ್ತಿದ್ದರು.

ಬಡಿಸುತ್ತಿದ್ದವರು ಇನ್ನೂ ಉಂಡಿಲ್ಲ ಎಂಬುದು ನನ್ನ ಯಾವ ಲೆಕ್ಕದಲ್ಲೂ ಬಂದಿರಲಿಲ್ಲ.

ನನ್ನ ಹೆಲ್ಮೆಟ್ಟು ಕಂಡು ಅವರು ಕೈ ಆಡಿಸಿದರು. "ನೀವು ಹೊರಡಿ ಮಾರಾಯ್ರೆ. ನಿಮಗೆ ಟೈಮುಂಟು. ನಂದು ಹೀಗೆಯೇ, ಪಂಕ್ತಿ ಎದ್ದ ಮೇಲೆ ಉಣ್ಣುದು. ನಿಲ್ಲಬೇಡಿ."

ಬೇಸರ ಇರಲಿಲ್ಲ ಆ ಮಾತಿನಲ್ಲಿ. ಒಬ್ಬರು ನಿಂತರೆ ಇನ್ನೊಬ್ಬರು ಹೋಗಬಹುದಂತಲ್ಲ, ನೀವೇ ಓದಿದ್ದಲ್ಲವೇ ಎಂದು ನೆನಪು ಮಾಡಿದರು. ಅವರಿಗೆ ನನ್ನ ಟೆಂಪೋ ಗೊತ್ತಿತ್ತು, ಮಗಳ ಮಾತು ಗೊತ್ತಿತ್ತು, ಸೈಕಲ್ಲು ಮಾರುವ ಶಪಥ ಗೊತ್ತಿತ್ತು. ಹೇಳಿ ಮತ್ತೆ ಎಲೆಗೆ ತಲೆ ಬಗ್ಗಿಸಿದರು. ಕುಕ್ಕುರುಗಾಲಲ್ಲಿ ಕೂತಿದ್ದರು, ಪೂರ್ತಿ ಕೂತಿರಲಿಲ್ಲ. ಕರೆದರೆ ತಕ್ಷಣ ಎದ್ದು ಹೋಗಲು ಸಿದ್ಧವಾಗಿ ಕೂತವರ ಹಾಗೆ.

ನಾನು ಒಂದು ಕಾಲು ಪೆಡಲಿನ ಮೇಲಿಟ್ಟು ನಿಂತೆ. ನಾನು ಇಳಿದದ್ದು ದೊಡ್ಡ ಗುಣದಿಂದ ಅಂತ ಯಾರೂ ತಿಳಿಯಬಾರದು. ನನ್ನನ್ನು ನಾನು ಬಲ್ಲೆ. ಆರರ ಒಳಗೆ ಮುಟ್ಟದಿದ್ದರೆ ಒಂದು ವರ್ಷ ಕೊರಗುತ್ತೇನೆ. ಆ ಮನುಷ್ಯ ಮೂಲೆಯಲ್ಲಿ ಒಬ್ಬರೇ ಉಣ್ಣುತ್ತಿರುವಾಗ ಹೊರಟು ಹೋದರೆ ಎಷ್ಟು ವರ್ಷವೋ. ಚಿಂತೆಯ ವ್ಯಾಪಾರದಲ್ಲಿ ಯಾವುದು ಅಗ್ಗ ಎಂದು ನೋಡಿಕೊಂಡೆ, ಅಷ್ಟೇ. ಸೈಕಲ್ಲು ಮತ್ತೆ ಗೋಡೆಗೆ ಒರಗಿಸಿ, ಹೆಲ್ಮೆಟ್ಟು ಹಾಕಿಕೊಂಡೇ ಬಂದು ಅವರ ಪಕ್ಕ ಕೂತೆ.

ಎಂತದ್ದು ಇದು ಎಂದರು. ಪಂಕ್ತಿ ಎಂದೆ.

ಅಷ್ಟರಲ್ಲಿ ಹೆಡ್‌ಮಾಸ್ಟರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದವರು ನಮ್ಮಿಬ್ಬರನ್ನೂ ನೋಡಿದರು. ಹೋಗಿ ತಮ್ಮ ಹಳೆಯ ಜಾಗದಲ್ಲಿ ಗೋಡೆಗೊರಗಿ ಕೂತರು. ನರ್ಸು ಹುಡುಗಿ ಗಡಿಯಾರ ನೋಡಿಕೊಂಡು ಅವರ ಕಡೆ ತಿರುಗಿದಳು. "ಅವರ್ ಸಾಪ್ಪಿಡಟ್ಟುಂ" ಎಂದರು ಹೆಡ್‌ಮಾಸ್ಟರು, ಅವರು ಉಣ್ಣಲಿ ಎಂದು, ಶಾಲೆಯಲ್ಲಿ ಹೇಳುವ ದನಿಯಲ್ಲಿ. ಅವಳು ಕೂರಲಿಲ್ಲ. ಧಣಿಗಳ ಕೈಯಿಂದ ಸೌಟು ಕಿತ್ತುಕೊಂಡು ಬಡಿಸಲು ನಿಂತಳು. ಉಳಿದವರೂ ಒ‌ಬ್ಬೊಬ್ಬರಾಗಿ ಬಂದು ಕೂತರು.

ಧಣಿಗಳು ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರು. ಹೆಡ್‌ಮಾಸ್ಟರಿಗೆ ಅವರು ಮಾಡಿದ್ದ ಹಾಗೆಯೇ ಅವಳು ಬೆರಳ ಸಂದಿಯಲ್ಲಿ ಹಾಕಿದಳು. ಎಲ್ಲರೂ ನಕ್ಕರು. ಅವರಿಗೆ ನಾಚಿಕೆಯಾಯಿತು. ತೊಂಬತ್ತು ಜನ ಸಪ್ಲೈಗೆ ಕಾಯುತ್ತಿದ್ದರೂ ಹೆದರದವರು, ಆರು ಜನ ತಾವು ಉಣ್ಣುವುದನ್ನು ನೋಡುತ್ತ ಕೂತಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಒದ್ದಾಡಿದರು. ಆಮೇಲೆ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿಕೊಂಡು, ಗೋಡೆಗೆ ಒರಗಿ, ಸರಿಯಾಗಿ ಕೂತರು.

"ನಮ್ಮ ಮದುವೆ ದಿನ ಒಂದು ಹೀಗೆ ಕೂತು ಉಂಡದ್ದು" ಎಂದರು ನನಗೆ ಮಾತ್ರ ಕೇಳುವ ಹಾಗೆ. "ಅದರ ಮೇಲೆ ಇವತ್ತು."

ನಿಧಾನವಾಗಿ ಉಂಡರು. ಹೇಳಲು ಬೇಸರವಾಗುತ್ತದೆ, ಹೆಡ್‌ಮಾಸ್ಟರಿಗಿಂತಲೂ ನಿಧಾನವಾಗಿ ಉಂಡರು. ಮೊಸರನ್ನಕ್ಕೆ ಶುಂಠಿ ಕಮ್ಮಿ ಎಂದರು, ಎರಡನೇ ಸಲ ಹಾಕಿಸಿಕೊಂಡರು, ಚಿತ್ರಾನ್ನದ ಕಡಲೆಬೇಳೆಯನ್ನು ಒಂದೊಂದಾಗಿ ಹೆಕ್ಕಿ ತಿಂದರು. ಬೇವಿನ ಮರದ ನೆರಳು ಅಂಗಳ ದಾಟಿ ಬೇಲಿಯ ಹತ್ತಿರ ಹೋಗುವುದನ್ನು ನಾನು ನೋಡುತ್ತಿದ್ದೆ. ಗಡಿಯಾರ ನೋಡುವುದನ್ನು ಬಿಟ್ಟಿದ್ದೆ.

ಅಲ್ಲಿಂದ ಏಳೂ ಜನ ಒಂದೇ ಗುಂಪಾಗಿ ಹೊರಟೆವು. ಕೊನೆಯ ಕೆರೆ ಏರಿಯ ಮೇಲೆ ಹೋಗುವಾಗಲೇ ಸೂರ್ಯ ನೀರಿಗೆ ಹತ್ತಿರವಾಗಿದ್ದ. ಯಾರೋ ಹಾಡುತ್ತಿದ್ದರು. ಧಣಿಗಳು ಮುಂದಿದ್ದರು. ಉಂಡ ಮೇಲೆ ಒಂದು ಲೋಟ ಕಾಫಿ ಸಿಕ್ಕಿದ್ದರೆ ಇನ್ನೂ ಜೋರಾಗಿ ಹೋಗಬಹುದಿತ್ತು ಎಂದು ತಿರುಗಿ ಕೂಗಿ ಹೇಳಿದರು.

ನಾವು ಮುಟ್ಟಿದಾಗ ಗೇಟು ಇರಲಿಲ್ಲ. ಗಾಳಿ ತುಂಬಿ ನಿಲ್ಲಿಸಿದ್ದ ಕಮಾನಿನ ಗಾಳಿ ಬಿಟ್ಟು ನೆಲದ ಮೇಲೆ ಮಲಗಿಸಿದ್ದರು. ದಾಟಬೇಕೆಂದರೆ ಸೈಕಲ್ಲು ಹೆಗಲಿಗೇರಿಸಿ ಅದರ ಮೇಲೆ ನಡೆಯಬೇಕು. ನಾವು ಏಳೂ ಜನ ಹಾಗೆಯೇ ದಾಟಿದೆವು. ಕಾಲ ಕೆಳಗೆ ಉಳಿದಿದ್ದ ಗಾಳಿ ಪುಸ್ ಪುಸ್ ಎಂದು ಹೊರಟಿತು. ಮೈಕಿನವನು ಮನೆಗೆ ಹೋಗಿದ್ದ. ವ್ಯವಸ್ಥೆಯ ಹೆಂಗಸು ಕೈ ಜೋಡಿಸಿ, ಆರಾಗಿ ಹೋಯಿತು ಸಾರ್, ಕ್ಷಮಿಸಿ ಎಂದಳು. ಧಣಿಗಳು ಅವಳನ್ನು ಕೇಳಿದ್ದು ಪದಕವನ್ನಲ್ಲ, ಕಾಫಿ ಉಂಟಾ ಎಂದು.

ಅಷ್ಟರಲ್ಲಿ ಮಗಳ ಮೆಸೇಜು ಬಂತು. ಮುಗಿಯಿತೇ ಎಂದು. ನಾನು ಏನು ಬರೆಯಲಿ ಎಂದು ನೋಡುತ್ತಿರುವಾಗ ಧಣಿಗಳು ಫೋನು ತೆಗೆದುಕೊಂಡು, ಅವಳಿಗೆ ಕರೆ ಮಾಡಿ, ತಮ್ಮ ತಮಿಳಿನಲ್ಲಿ "ಮುಡಿಚ್ಚಿಟ್ಟೋಂ" ಎಂದರು. ಮುಗಿಸಿದೆವು.

ಆರಾಗಿತ್ತಲ್ಲ ಧಣಿಗಳೇ, ಅವರು ನಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೆ.

"ಗೇಟು ಅವರದ್ದು ಮಾರಾಯ್ರೆ" ಎಂದರು. "ದಾರಿ ಮುಗ್ಸಿದ್ದು ನಾವಲ್ವಾ?"

ಸೈಕಲ್ಲು ಮಾರುವ ವಿಚಾರ ವಾಪಸು ಬರುವಾಗ ಕಾರಿನಲ್ಲಿ ಎತ್ತಿದೆ. ಮಾರಿ ಎಂದರು, ಅದಕ್ಕೇನು, ಬರುವ ವರ್ಷದ್ದು ಆದ ಮೇಲೆ ಮಾರಿ. ಬರುವ ವರ್ಷ ಬೆಳಗ್ಗೆಯೇ ಉಂಡು ಬರುತ್ತೇನೆ, ಆರಕ್ಕಲ್ಲ, ಐದಕ್ಕೇ ಮುಟ್ಟಿಸುತ್ತೇನೆ ಎಂದು ಮಾತು ಕೊಟ್ಟರು. ಕೊಟ್ಟು ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋದರು. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನಾನು ಕನ್ನಡಿಯಲ್ಲಿ ಆಗಾಗ ನೋಡುತ್ತ ಬಂದೆ.

ಆಮೇಲೆ ಒಂದು ಭಾನುವಾರ ಹೆಡ್‌ಮಾಸ್ಟರೂ ನರ್ಸು ಹುಡುಗಿಯೂ ನಾನೂ ಧಣಿಗಳ ಹೋಟೆಲಿನಲ್ಲಿ ಸೇರಿದೆವು. ಹೆಡ್‌ಮಾಸ್ಟರು ಊಟ ಮುಗಿಸಿ, ಧಣಿಗಳು ಬಂದು ಎದುರು ಕೂತು ಉಣ್ಣುವವರೆಗೆ ಟೇಬಲು ಬಿಡುವುದಿಲ್ಲ ಎಂದು ಹಟ ಹಿಡಿದರು. ಹೊರಗೆ ಜನ ಜಾಗಕ್ಕೆ ಕಾದು ನಿಂತಿದ್ದರು. ಧಣಿಗಳು ಗಲ್ಲಾವನ್ನು ತಮ್ಮನಿಗೆ ಬಿಟ್ಟು, ಬೈದುಕೊಳ್ಳುತ್ತ ಬಂದು ಕೂತರು. ಸಪ್ಲಾಯರ್‌ಗಳೆಲ್ಲ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದರು.

ಮರುವರ್ಷದ ಸವಾರಿಗೆ ಇನ್ನೂ ಕೆಲವು ವಾರಗಳಿದ್ದವು. ಒಂದು ಮಧ್ಯಾಹ್ನ ಊಟದ ಗಲಾಟೆ ಇಳಿದ ಮೇಲೆ, ಧಣಿಗಳು ಗಲ್ಲಾದ ಕುರ್ಚಿಯಲ್ಲಿ ಕೂತಲ್ಲೇ... ತಮ್ಮ ಬಂದು, ಅಣ್ಣ ಊಟಕ್ಕೆ ಏಳಿ ಎಂದು ಮುಟ್ಟಿದಾಗ ತಿಳಿಯಿತಂತೆ. ಜಗತ್ತಿನಲ್ಲಿ ಆಗಬಹುದಾದ್ದನ್ನೆಲ್ಲ ಮೊದಲೇ ಯೋಚಿಸಿಡುವ ನಾನು ಇದೊಂದನ್ನು ಯೋಚಿಸಿರಲಿಲ್ಲ. ಅವರ ಮಂಡಿ, ಅವರ ಬ್ರೇಕು, ಅವರು ಟೀ ಅಂಗಡಿಯಲ್ಲಿ ಒದೆ ತಿನ್ನುವುದು, ಇದೆಲ್ಲ ನನ್ನ ಚಿಂತೆಯಲ್ಲಿತ್ತು. ವೈಕುಂಠ ಸಮಾರಾಧನೆಯ ದಿನ ಹೆಡ್‌ಮಾಸ್ಟರು ನನ್ನ ಪಕ್ಕದ ಎಲೆಗೆ ಕೂತಿದ್ದರು. ಅವರು ಅಗಿದು ಮುಗಿಸುವವರೆಗೆ ಆ ಉದ್ದದ ಪಂಕ್ತಿಯಲ್ಲಿ ಒಬ್ಬರೂ ಏಳಲಿಲ್ಲ.

ಆ ವರ್ಷ ನಾನು ಸವಾರಿಗೆ ಹೋಗಲಿಲ್ಲ. ಸೈಕಲ್ಲನ್ನು ಮಾರಲೂ ಇಲ್ಲ.

ಈ ವರ್ಷ ಹೋದೆ, ಕಳೆದ ಭಾನುವಾರ. ಒಂಟಿ ವಿಭಾಗದಲ್ಲಿ. ಮುಳ್ಳು ಚುಚ್ಚಲಿಲ್ಲ, ಮರಳಿನಲ್ಲಿ ಬೀಳಲಿಲ್ಲ, ಚಕ್ರವನ್ನು ಯಾರೂ ಬಿಚ್ಚಲಿಲ್ಲ. ಟೀ ಅಂಗಡಿಗಳು ಎಡಕ್ಕೂ ಬಲಕ್ಕೂ ಬಂದವು, ಹೋದವು. ಅದೇ ಶಾಲೆಯ ಜಗಲಿಯಲ್ಲಿ ಎರಡು ಬಾಳೆಹಣ್ಣು ತಿಂದೆ, ನಿಂತುಕೊಂಡೇ. ಗೇಟಿನ ಹತ್ತಿರ ಮಗಳು ಕಾಯುತ್ತಿದ್ದಳು. ಮೈಕಿನಲ್ಲಿ ನನ್ನ ಹೆಸರನ್ನು ತಪ್ಪಾಗಿ ಕೂಗಿದರು, ಕೊರಳಿಗೆ ಪದಕ ಹಾಕಿದರು, ಅವಳು ಫೋಟೋ ತೆಗೆದು ಮನೆಗೂ ಆಫೀಸಿನ ಗುಂಪಿಗೂ ಕಳಿಸಿದಳು. ಹೊರಡೋಣವೇ ಅಪ್ಪಾ ಎಂದು ತಮಿಳಿನಲ್ಲಿ ಕೇಳಿದಳು. ಸ್ವಲ್ಪ ಹೊತ್ತು ಇರೋಣ ಎಂದೆ.

ಆರಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ದಿನವಿಡೀ ನನ್ನನ್ನು ತಡ ಮಾಡುವವರು ಯಾರೂ ಇರಲಿಲ್ಲ. ಉಳಿದ ಆ ಹೊತ್ತನ್ನು ಏನು ಮಾಡಬೇಕೆಂದು ತೋಚದೆ, ಕಮಾನಿನ ಗಾಳಿ ಬಿಡುವವರೆಗೆ ಅಲ್ಲೇ ರಸ್ತೆ ಬದಿಯಲ್ಲಿ ಕೂತಿದ್ದೆವು.